ಕುಟುಂಬಕ್ಕೊಂದು ಓಟು

ಎಲ್ಲರೆದುರು ನಿಂತಾಗ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕು ಎಂಬುದು ನನಗೆ ಗೊತ್ತಿಲ್ಲ. ಕಟ್ಟಿಕೊಂಡರೆ ಸೊಕ್ಕಿನವಳಂತೆ, ಇಳಿಬಿಟ್ಟರೆ ಶಿಕ್ಷೆಗೆ ನಿಂತ ಹುಡುಗಿಯಂತೆ, ದುಪಟ್ಟಾದ ಅಂಚು ಹಿಡಿದರೆ ಗಂಡಿನ ಕಡೆಯವರ ಮುಂದೆ ಬಂದವಳಂತೆ ಕಾಣುತ್ತೇನೆ. ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿದ್ದೇನೆ, ಬಹರೈನಿಗೆ, ಅಪ್ಪ ಅಮ್ಮನ ಬಳಿಗೆ ಬಂದು ಕೆಲಸಕ್ಕೂ ಸೇರಿದ್ದೇನೆ. ಈ ವಯಸ್ಸಿನಲ್ಲಿ ಕೈಗಳ ಚಿಂತೆ ಎಂದರೆ ಯಾರಾದರೂ ನಕ್ಕಾರು. ಆದ್ದರಿಂದ ಡೈರಿಗೆ ಮಾತ್ರ ಹೇಳಿಕೊಂಡಿದ್ದೆ. ಅದೂ ‘ಇವತ್ತೂ ಹಾಗೇ ಆಯಿತು’ ಎಂಬ ಒಂದೇ ಸಾಲಿನಲ್ಲಿ.

ಆ ಸಾಲು ಬರೆದದ್ದು ೨೦೧೪ರ ಮಹಿಳಾ ದಿನದಂದು. ನಮ್ಮ ಗುಫೂಲ್ ಬಡಾವಣೆಯ ಕನ್ನಡ ಕೂಟದ ಸಮಾರಂಭದಲ್ಲಿ ಮುಖ್ಯ ಅತಿಥಿಗೆ ಹೂಗುಚ್ಛ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೂಗುಚ್ಛ ಕೈಯಲ್ಲಿರುವವರೆಗೆ ಸುಖ. ಕೊಟ್ಟ ಮೇಲೆ ಫೋಟೋದವನು “ಮೇಡಂ, ಹಾಗೇ ನಿಂತಿರಿ” ಎಂದ. ಅಲ್ಲಿಂದ ಕೈಗಳು ನನ್ನವಾಗಿ ಉಳಿಯಲಿಲ್ಲ.

ಮುಖ್ಯ ಅತಿಥಿ ನನ್ನ ಆಫೀಸಿನ ಮೇಲಧಿಕಾರಿ, ಎರ್ಮೆಲಿಂಡಾ ಕಿಸ್ಪೆ. ಪೆರು ದೇಶದವರು. ಹಿದ್ ಬಂದರಿನಲ್ಲಿ ನಮ್ಮದೊಂದು ಹಡಗು ಏಜೆನ್ಸಿ; ಬಂದಿಳಿಯುವ ಕಂಟೇನರುಗಳ ಕಾಗದಪತ್ರ ಸರಿಪಡಿಸುವ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಕುಳ್ಳಗಿನ ಗಟ್ಟಿ ಹೆಂಗಸು, ಬೆನ್ನ ಮೇಲೆ ಒಂದೇ ದಪ್ಪ ಜಡೆ. ಲಾರಿ ಚಾಲಕರಿಂದ ಕಸ್ಟಮ್ಸಿನವರವರೆಗೆ ಎಲ್ಲರೂ ಅವರನ್ನು ‘ಮುದೀರಾ’ ಎಂದೇ ಕರೆಯುತ್ತಾರೆ. ಮುದೀರ್ ಎಂದರೆ ಅರಬ್ಬಿಯಲ್ಲಿ ಮ್ಯಾನೇಜರು; ಹೆಂಗಸಾದರೆ ಮುದೀರಾ. ಇಲ್ಲಿಗೆ ಬರುವ ಮೊದಲು ಅವರು ತಮ್ಮೂರಿನ ಪುರಸಭೆಗೆ ಆಯ್ಕೆಯಾಗಿದ್ದವರು ಎಂದು ನಾನು ಮನೆಯಲ್ಲಿ ಹೇಳಿದ್ದು ಅಪ್ಪನಿಂದ ಕೂಟದ ಅಧ್ಯಕ್ಷರಿಗೆ ತಲುಪಿ, “ಫಾರಿನ್ ಲೇಡಿ, ಅದೂ ಪಾಲಿಟಿಶಿಯನ್! ಬುಕ್ ಮಾಡ್ಬಿಡಿ” ಎಂದಾಗಿತ್ತು.

ಅಧ್ಯಕ್ಷರೆಂದರೆ ಲಕ್ಷ್ಮೀಪತಿ ಅಂಕಲ್. ಬೆಂಗಳೂರಿನವರು. ಕೆಟ್ಟವರೆಂದು ಹೇಳಲಾರೆ. ಅಪ್ಪನಿಗೆ ಇಲ್ಲಿ ಕೆಲಸ ಕೊಡಿಸಿದವರೇ ಅವರು. ನಾನು ಮೊದಲ ಸಲ ವಿಮಾನ ಇಳಿದಾಗ ಕಾರು ತಂದು ನಿಂತವರೂ ಅವರೇ. ಆದರೆ ಮೈಕು ಕೈಗೆ ಬಂದರೆ ಅದನ್ನು ಮರಳಿ ಕೊಡುವುದು ಅವರ ಸ್ವಭಾವದಲ್ಲಿರಲಿಲ್ಲ. ಅವತ್ತೂ ಹೆಣ್ಣಿನ ಶಕ್ತಿಯ ಬಗ್ಗೆ ಅವರು ಮಾತಾಡಿದರು, ಉಪಾಧ್ಯಕ್ಷರು ಮಾತಾಡಿದರು, ಖಜಾಂಚಿಯೂ ಮಾತಾಡಿದರು. ಬಳಿಕ ಅಂಕಲ್ ಎರ್ಮೆಲಿಂಡಾ ಕಡೆ ಬಾಗಿ ಇಂಗ್ಲಿಷಿಗಿಳಿದರು.

“ಮೇಡಂ, ನಿಮ್ಮ ಹಸ್ಬೆಂಡ್ ಬರಲಿಲ್ವಾ? ಅವರಿಗೂ ಒಂದು ಶಾಲು ತರಿಸಿದ್ವಿ.”

“ಗಂಡನನ್ನು ಲಿಮಾದಲ್ಲೇ ಬಿಟ್ಟು ಬಂದೆ, ತುಂಬ ಹಿಂದೆ,” ಎಂದರು ಎರ್ಮೆಲಿಂಡಾ. “ಶಾಲು ಕೊಡಿ. ನಮ್ಮ ಆಫೀಸಿನ ಎಸಿ ವಿಪರೀತ.”

ಮುಂದಿನ ಸಾಲಿನಲ್ಲಿ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಅವರ ಮಾತಿಗೆಂದು ಇಟ್ಟಿದ್ದ ಅರ್ಧ ಗಂಟೆ ಅಷ್ಟರಲ್ಲಿ ಕರಗಿತ್ತು. “ಜಸ್ಟ್ ಟೂ ಮಿನಿಟ್ಸ್ ಮೇಡಂ, ಊಟ ಆರುತ್ತೆ” ಎಂದರು ಅಂಕಲ್. ಎರ್ಮೆಲಿಂಡಾ ಎರಡು ಶಾಲು ಹೊದ್ದುಕೊಂಡೇ ಎದ್ದರು. “ಘಮ ಬರುತ್ತಿದೆ. ಈ ಅಡುಗೆ ಮಾಡಿದವರು ಯಾರು? ಅವರು ಇಲ್ಲಿ ಕಾಣುತ್ತಿಲ್ಲವಲ್ಲ. ನಾನು ಅವರೊಡನೆ ಮಾತಾಡಿ ಬರುತ್ತೇನೆ.” ಹೇಳಿದವರೇ ವೇದಿಕೆಯಿಂದ ಇಳಿದು ಸಭಾಂಗಣದ ಹಿಂದಿನ ಅಡುಗೆಮನೆಗೆ ನಡೆದರು. ದುಭಾಷಿಯ ಅಗತ್ಯ ಬಿದ್ದೀತೆಂದು ನಾನೂ ಓಡಿದೆ. ನಿಜ ಹೇಳಬೇಕೆಂದರೆ ವೇದಿಕೆಯಿಂದ ತಪ್ಪಿಸಿಕೊಳ್ಳಲು ಓಡಿದೆ.

ಅಡುಗೆಮನೆಯಲ್ಲಿ ವಾಯೊಲೆಟ್ ಆಂಟಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ, ಫೋನನ್ನು ಭುಜ ಮತ್ತು ಕಿವಿಯ ನಡುವೆ ಒತ್ತಿ ಹಿಡಿದು ಮಾತಾಡುತ್ತಿದ್ದರು. ಆಂಟಿ ಉಡುಪಿ ಕಡೆಯ ಕೊಂಕಣಿಯವರು, ಆಸ್ಪತ್ರೆಯಲ್ಲಿ ನರ್ಸು. ಗಂಡ ಮ್ಯಾಕ್ಸಿಮ್ ಹಿದ್ ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ. ನಾನು ಪರಿಚಯ ಮಾಡಿಸಿದೆ: “ವಾಯೊಲೆಟ್ ಲೋಬೊ.”

“ಲೋಬೊ!” ಎರ್ಮೆಲಿಂಡಾ ಹುಬ್ಬೇರಿಸಿದರು. “ನಮ್ಮ ಭಾಷೆಯಲ್ಲಿ ಲೋಬೊ ಎಂದರೆ ತೋಳ.”

ನಾನು ಕನ್ನಡದಲ್ಲಿ ಹೇಳಿದಾಗ ಆಂಟಿ ಚಾಕು ಎತ್ತಿ ಹಿಡಿದರು. “ಹೌದಾ? ಹಾಗಾದ್ರೆ ಆಚೆ ಮೈಕ್ ಹಿಡ್ಕೊಂಡವರಿಗೆ ಒಮ್ಮೆ ಹೇಳಿ ಬಾ ಮಾರಾಯ್ತಿ. ಸ್ವಲ್ಪ ಹೆದರ್ಲಿ.”

ಅಡುಗೆಮನೆಯ ಹೆಂಗಸರೆಲ್ಲ ನಕ್ಕರು. ಲಕ್ಷ್ಮೀಪತಿ ಅಂಕಲರ ಹೆಂಡತಿ ಕಾಂತಾ ಆಂಟಿಯೂ ನಕ್ಕರು. ಅವರು ಕೂಟದ ಮಹಿಳಾ ವಿಭಾಗದ ಅಧ್ಯಕ್ಷೆ. ಅದಕ್ಕೆ ಚುನಾವಣೆಯೇನೂ ಇಲ್ಲ. ಗಂಡ ಕೂಟದ ಅಧ್ಯಕ್ಷನಾದರೆ ಹೆಂಡತಿ ಮಹಿಳಾ ವಿಭಾಗಕ್ಕೆ ಅಧ್ಯಕ್ಷೆ. ಮದುವೆಯ ಜೊತೆ ಹೊಸ ಹೆಸರು ಬಂದಂತೆ ಇದೂ ಬರುತ್ತದೆ.

ಎರ್ಮೆಲಿಂಡಾ ಫೋನಿನತ್ತ ಕಣ್ಣು ಮಾಡಿ “ಯಾರು?” ಎಂದು ಕೇಳಿದರು. ಆಗ ಆಂಟಿಯ ನಗು ಇಳಿಯಿತು. ಫೋನು ಆಸ್ಪತ್ರೆಯಿಂದ. ಭಟ್ಕಳದ ಜಮೀಲಮ್ಮ ಎಂಬಾಕೆ ಇಲ್ಲಿ ಒಂದು ಮನೆಯಲ್ಲಿ ಅಡುಗೆಗಿದ್ದವರು, ಮೂತ್ರಪಿಂಡ ಕೆಟ್ಟು ವಾರ್ಡಿನಲ್ಲಿ ಮಲಗಿದ್ದರು. ಊರಿಗೆ ಕಳಿಸಬೇಕು. ಪ್ರಯಾಣದ ಕಾಗದಗಳಿಗೆ ಆಕೆಯ ಪರವಾಗಿ ಒಂದು ಸಂಘದ ಅಧ್ಯಕ್ಷರ ಸಹಿ ಇದ್ದರೆ ಕೆಲಸ ಬೇಗ ಆಗುತ್ತದೆ. ಆಂಟಿ ಅಧ್ಯಕ್ಷರನ್ನು ಎಷ್ಟೋ ಸಲ ಕೇಳಿದ್ದರು. ಅವರು “ಖಂಡಿತ ಮಾಡೋಣ, ಫಂಕ್ಷನ್ ಮುಗೀಲಿ” ಎಂದಿದ್ದರು.

“ಫಂಕ್ಷನ್ ಮುಗಿಯುದು ಯಾವಾಗ? ಒಂದು ಮುಗಿದ್ರೆ ಇನ್ನೊಂದು ಉಂಟು,” ಎಂದರು ಆಂಟಿ. “ಅವರಿಗೆ ಮನಸ್ಸಿಲ್ಲಾಂತ ಅಲ್ಲ. ನೆನಪಿಲ್ಲ, ಅಷ್ಟೆ. ವಾರ್ಡಲ್ಲಿ ಮಲಗಿದವಳಿಗೆ ಎರಡೂ ಒಂದೇ ಅಲ್ವಾ?”

ಆ ಸಹಿ ಕಡೆಗೂ ಬರಲಿಲ್ಲ. ಆಂಟಿ ರಜೆ ಹಾಕಿ, ಕಚೇರಿಯಿಂದ ಕಚೇರಿಗೆ ತಾವೇ ಅಲೆದರು. ಹೋದಲ್ಲೆಲ್ಲ “ನೀವು ಸಂಘದಲ್ಲಿ ಏನು?” ಎಂಬ ಪ್ರಶ್ನೆ. “ಕೋಸಂಬರಿ ಮಾಡುವವಳು ಅಂತ ಹೇಳುದಾ?” ಎಂದು ಆಮೇಲೊಮ್ಮೆ ನನ್ನನ್ನು ಕೇಳಿದ್ದರು. ಕೊನೆಗೆ ಜಮೀಲಮ್ಮ ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿದರು. ಬೀಳ್ಕೊಡಲು ಹೋದವರು ಆಂಟಿ ಮತ್ತು ನಾನು.

ಇದೆಲ್ಲ ಆಗಿ ಯುಗಾದಿಯೂ ಕಳೆದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಲಕ್ಷ್ಮೀಪತಿ ಅಂಕಲ್ ನಮ್ಮ ಮನೆಗೆ ಉಪ್ಪಿಟ್ಟಿಗೆ ಬಂದರು. ಮುಂದಿನ ವಾರ ಕೂಟದ ವಾರ್ಷಿಕ ಸಭೆ. ಸಭೆಯಲ್ಲಿ ಚುನಾವಣೆ ಎಂದಿರುತ್ತದೆ, ಆದರೆ ಯಾರು ಯಾವ ಸ್ಥಾನಕ್ಕೆ ಎನ್ನುವುದು ಹೀಗೆ ಯಾರದಾದರೂ ಮನೆಯಲ್ಲಿ ಉಪ್ಪಿಟ್ಟು ತಿನ್ನುವಾಗಲೇ ತೀರ್ಮಾನವಾಗಿರುತ್ತದೆ. ಸಭೆಯಲ್ಲಿ ಒಬ್ಬರು ಎದ್ದು ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆ, ಅವಿರೋಧ ಆಯ್ಕೆ, ಊಟ.

“ಈ ಸಲ ನನ್ನ ಹೆಸರು ನಮ್ಮ ಮಧುಶ್ರೀ ಪ್ರೊಪೋಸ್ ಮಾಡ್ಲಿ,” ಎಂದರು ಅಂಕಲ್. “ಯಂಗ್, ಎಜುಕೇಟೆಡ್, ಲೇಡಿ. ಫೋಟೋನೂ ಚೆನ್ನಾಗಿರುತ್ತೆ. ಏನಂತೀಯಾ ಹರಿನಾಥ?”

ಅಪ್ಪ ಕೂಟದ ಕಾರ್ಯದರ್ಶಿ. ಅವರು ನನ್ನ ಮುಖ ನೋಡಿದರು. “ಅವಳಿಗೆ ಮಾತು ಸ್ವಲ್ಪ ಕಷ್ಟ.”

“ಮಾತೆಲ್ಲಿ? ಜಸ್ಟ್ ಒಂದು ಲೈನ್. ‘ಅಧ್ಯಕ್ಷ ಸ್ಥಾನಕ್ಕೆ ಶ್ರೀ ಲಕ್ಷ್ಮೀಪತಿಯವರ ಹೆಸರನ್ನು ಸೂಚಿಸುತ್ತೇನೆ.’ ಖಲಾಸ್! ನೀನು ಸಿಂಗಲ್ ಮೆಂಬರ್ ಅಲ್ವೇನಮ್ಮಾ? ಹೋದ ವರ್ಷ ನಾನೇ ಸೈನ್ ಮಾಡಿಸಿದ್ನಲ್ಲ, ಯೂತ್ ಬೇಕು ಅಂತ.”

“ಹೂಂ ಅಂಕಲ್,” ಎಂದೆ. ನನ್ನ ಹೂಂ ಹೊರಗೆ ಕೇಳಿಸಿತೋ ಇಲ್ಲವೋ, ಅವರು ಇನ್ನೊಂದು ಚಮಚ ಉಪ್ಪಿಟ್ಟು ಹಾಕಿಸಿಕೊಂಡರು.

ಮುಂದಿನ ದಿನಗಳಲ್ಲಿ ನಾನು ಆ ವಾಕ್ಯವನ್ನು ಸ್ನಾನದ ಮನೆಯಲ್ಲಿ ಹೇಳಿ ನೋಡಿದೆ. ಕಂಪನಿಯ ವ್ಯಾನು ಮುಹರಕ್ ದಾಟಿ ಹಿದ್ ಕಡೆಗೆ ಹೋಗುವಾಗ ಕಿಟಕಿಯ ಗಾಜಿಗೆ ಹೇಳಿದೆ. ಆಫೀಸಿನಲ್ಲಿ ಪ್ರಿಂಟರಿನ ಸದ್ದಿನ ಮರೆಯಲ್ಲಿ ಹೇಳಿಕೊಳ್ಳುತ್ತಿದ್ದಾಗ ಎರ್ಮೆಲಿಂಡಾ ಹಿಂದೆ ನಿಂತಿದ್ದರು.

“ಪ್ರಾರ್ಥನೆಯೇ?”

ನಾನು ವಿಷಯ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಅವತ್ತು ಹಡಗು ತಡವಾಗಿತ್ತು, ಕೆಲಸ ಕಡಿಮೆ.

“ನಿಮ್ಮ ಕೂಟದಲ್ಲಿ ಹೆಂಗಸರು ಎಷ್ಟು ಜನ ಓಟು ಹಾಕುತ್ತಾರೆ?”

“ಕುಟುಂಬಕ್ಕೊಂದು ಓಟು. ಯಜಮಾನರು ಕೈ ಎತ್ತುತ್ತಾರೆ.”

“ಅಂದರೆ?”

“ಸದಸ್ಯತ್ವ ಕುಟುಂಬದ ಹೆಸರಿನಲ್ಲಿರುತ್ತದೆ. ಹೆಂಡತಿಯೂ ಸದಸ್ಯೆ, ಯಾವ ಸ್ಥಾನಕ್ಕೂ ನಿಲ್ಲಬಹುದು. ಆದರೆ ಸೂಚಿಸುವುದು, ಅನುಮೋದಿಸುವುದು, ಕೈ ಎತ್ತುವುದು ಗಂಡ ಮಾತ್ರ. ತನ್ನ ಹೆಂಡತಿಯ ಹೆಸರನ್ನು ತಾನೇ ಸೂಚಿಸುವ ಹಾಗಿಲ್ಲ, ಪಕ್ಷಪಾತ ಆಗುತ್ತದೆ ಎಂದು ನಿಯಮ ಇದೆ. ಒಂಟಿ ಸದಸ್ಯರಿಗೆ ಅವರದೇ ಓಟು.”

“ಒಂಟಿ ಸದಸ್ಯರಲ್ಲಿ ಹೆಂಗಸರು?”

ನಾನು ಮನಸ್ಸಿನಲ್ಲೇ ಎಣಿಸಹೊರಟೆ. ಎಣಿಸುವುದಕ್ಕೆ ಯಾರೂ ಸಿಗಲಿಲ್ಲ. ಬಂದ ನರ್ಸುಗಳು ಮದುವೆಯಾಗಿ ಕುಟುಂಬದೊಳಗೆ ಸೇರಿದ್ದರು. ಮದುವೆಯಾಗದವರು ಕೂಟಕ್ಕೆ ಬರುತ್ತಿರಲಿಲ್ಲ.

“ನಾನೊಬ್ಬಳೇ,” ಎಂದೆ. ರಾಜ್ಯಶಾಸ್ತ್ರ ಓದಿದವಳಿಗೆ ಅಲ್ಲಿಯವರೆಗೆ ಇದು ಹೊಳೆದಿರಲಿಲ್ಲ.

ಎರ್ಮೆಲಿಂಡಾ ನಗಲಿಲ್ಲ. ಶಾಲನ್ನು ಹೆಗಲ ಮೇಲೆ ಸರಿ ಮಾಡಿಕೊಂಡರು. ಅದು ಗಂಡನಿಗೆಂದು ತಂದಿದ್ದ ಶಾಲು. ದಿನಾ ಆಫೀಸಿಗೆ ಹೊದ್ದು ಬರುತ್ತಿದ್ದರು.

“ನಮ್ಮ ಬಡಾವಣೆಯೂ ಇಲ್ಲಿಯ ಹಾಗೆ ಮರಳು,” ಎಂದು ಶುರು ಮಾಡಿದರು. “ಲಿಮಾದ ಹೊರಗೆ. ನಾನು ಸಣ್ಣವಳಿದ್ದಾಗ ಬೆಲೆಗಳು ಹುಚ್ಚು ಹಿಡಿದಂತೆ ಏರಿದವು. ಒಂದು ಮನೆಯ ದುಡಿಮೆಯಲ್ಲಿ ಒಂದು ಮನೆಯ ಒಲೆ ಉರಿಯುತ್ತಿರಲಿಲ್ಲ. ಆಗ ಹೆಂಗಸರು ಪಾತ್ರೆಗಳನ್ನು ಬೀದಿಗೆ ತಂದರು. ನೀನು ಅಕ್ಕಿ ತಾ, ನಾನು ಸೌದೆ. ಬೀದಿಗೊಂದು ಅಡುಗೆಮನೆ. ನೂರಾರು ಬೀದಿ, ನೂರಾರು ಅಡುಗೆಮನೆ. ಪ್ರತಿಯೊಂದಕ್ಕೂ ಅಧ್ಯಕ್ಷೆ, ಕಾರ್ಯದರ್ಶಿ, ಎಲ್ಲ ಚುನಾವಣೆಯಿಂದ. ನನ್ನಮ್ಮನಿಗೆ ಸಹಿ ಹಾಕಲು ಬರುತ್ತಿತ್ತು, ಅಷ್ಟೆ. ಆದರೆ ಎರಡು ಸಲ ಸೋತು ಮೂರನೇ ಸಲ ಗೆದ್ದಳು. ಬೀದಿಯ ಹೆಂಗಸರೆದುರು ನಿಂತು ಓಟು ಕೇಳುವುದಿದೆಯಲ್ಲ, ಸಂಸತ್ತಿಗಿಂತ ಕಷ್ಟ. ಅವರಿಗೆ ನಿನ್ನ ಸಾರಿಗೆ ಉಪ್ಪು ಎಷ್ಟು ಎಂಬುದೂ ಗೊತ್ತು.”

“ಆಮೇಲೆ?”

“ಆಮೇಲೆ ಕಾನೂನು ಬಂತು, ಪ್ರತಿ ಪಕ್ಷದ ಪಟ್ಟಿಯಲ್ಲೂ ಹೆಂಗಸರು ಇಷ್ಟು ಪಾಲು ಇರಲೇಬೇಕೆಂದು. ಗಂಡಸರು ಹೆಂಡತಿ, ನಾದಿನಿ, ಅತ್ತಿಗೆ ಎಂದು ಜಾಗ ತುಂಬಿಸಿದರು.”

ನನಗೆ ನಗು ಬಂತು. ಊರಲ್ಲಿ ನನ್ನ ಸೋದರತ್ತೆ ಚಂದ್ರಮ್ಮ ಮಹಿಳಾ ಮೀಸಲಾತಿಯಲ್ಲಿ ಪಂಚಾಯಿತಿ ಸದಸ್ಯೆಯಾಗಿದ್ದಳು. ಸಭೆಗೆ ಹೋಗುತ್ತಿದ್ದವನು ಮಾವ. ಅವಳು ಮನೆಯಲ್ಲಿ ಎಮ್ಮೆ ಕರೆಯುತ್ತಿದ್ದಳು. ಅದನ್ನು ಹೇಳಿದೆ.

“ಮಾವನನ್ನು ಲಿಮಾಕ್ಕೆ ಕಳಿಸು, ಒಳ್ಳೆಯ ಜೊತೆ ಸಿಗುತ್ತದೆ,” ಎಂದರು ಎರ್ಮೆಲಿಂಡಾ. “ನನ್ನನ್ನೂ ಹಾಗೇ ತುಂಬಿಸಿದ್ದು. ಪಟ್ಟಿಯ ಕೆಳಗೆಲ್ಲೋ ನನ್ನ ಹೆಸರು ಹಾಕಿದರು, ಗೆಲ್ಲುವುದಿಲ್ಲ ಎಂಬ ಧೈರ್ಯದಿಂದ. ಪಟ್ಟಿ ಗೆದ್ದುಬಿಟ್ಟಿತು. ಪುರಸಭೆಯಲ್ಲಿ ನನಗೆ ಮಕ್ಕಳ ಹಾಲು ಹಂಚುವ ಸಮಿತಿ ಕೊಟ್ಟರು. ಹೆಂಗಸಲ್ಲವೇ, ಹಾಲು ನೋಡಿಕೊಳ್ಳಲಿ ಎಂದು. ಹಾಲು ಹೋಗದ ಬೀದಿ ಇಲ್ಲ, ಮಧು. ಒಂದು ವರ್ಷದಲ್ಲಿ ಯಾವ ಬೀದಿಗೆ ದೀಪವಿಲ್ಲ, ಯಾವ ಬೀದಿಗೆ ನೀರಿನ ಲಾರಿ ಬರುವುದಿಲ್ಲ, ಎಲ್ಲ ನನಗೇ ಗೊತ್ತಿತ್ತು. ಮೇಯರಿಗೆ ಗೊತ್ತಿರಲಿಲ್ಲ. ಆದರೂ ಎಷ್ಟೋ ಸಭೆಗಳವರೆಗೆ ನನ್ನ ಬಾಯಿ ತೆರೆಯಲಿಲ್ಲ. ಹೇಳಬೇಕೆಂದು ಬರೆದುಕೊಂಡ ಚೀಟಿಯನ್ನು ಹಾಗೇ ಮಡಿಸಿ ಮನೆಗೆ ತರುತ್ತಿದ್ದೆ.”

ಆ ಚೀಟಿ ನನಗೂ ಗೊತ್ತಿತ್ತು.

“ಈಗ ಅರ್ಜೆಂಟೀನಾ, ಬ್ರೆಜಿಲ್, ಚಿಲಿ, ಕೋಸ್ಟಾರಿಕಾ, ನಾಲ್ಕು ಕಡೆ ಹೆಂಗಸರೇ ಅಧ್ಯಕ್ಷರು. ಟೀವಿಯಲ್ಲಿ ನೋಡಿ ಎಲ್ಲರೂ ಲ್ಯಾಟಿನ್ ಹೆಂಗಸರು ಬಲು ಜೋರು ಎನ್ನುತ್ತಾರೆ. ನನ್ನ ಬಡಾವಣೆಯ ಮೇಯರ್ ಇವತ್ತಿಗೂ ಗಂಡಸೇ. ಮೇಲೆ ಒಬ್ಬಳು ಹೋದರೆ ಚಿತ್ರ ಚೆನ್ನಾಗಿ ಬರುತ್ತದೆ. ಕೆಳಗೆ ಯಾರೋ ಒಬ್ಬಳು ಇನ್ನೊಬ್ಬಳ ಹೆಸರು ಹೇಳದಿದ್ದರೆ ಅದು ಚಿತ್ರವಾಗಿಯೇ ಉಳಿಯುತ್ತದೆ.”

ನಾನು ಕೇಳಿದೆ. “ಹಾಗಾದರೆ ನಾನು ಏನು ಮಾಡಬೇಕು?”

“ಅದನ್ನು ನಾನು ಹೇಳುವುದಿಲ್ಲ. ನಿಮ್ಮ ಕೂಟ, ನಿಮ್ಮಪ್ಪ, ನಿಮ್ಮ ಅಂಕಲ್. ನಾನು ಶಾಲು ಪಡೆದವಳು.” ಎದ್ದು ಪ್ರಿಂಟರಿನಿಂದ ಹಾಳೆ ಎಳೆದುಕೊಂಡರು. “ಯಾಲ್ಲಾ, ಏಳು, ಹಡಗು ಬಂತು.”

ಅವತ್ತು ಸಂಜೆ ನಾನು ವಾಯೊಲೆಟ್ ಆಂಟಿಯ ಮನೆಗೆ ಹೋದೆ. ನಮ್ಮ ಕಟ್ಟಡದಿಂದ ಎರಡು ಕಟ್ಟಡ ಆಚೆ, ಕೆಳಗೆ ಕೋಲ್ಡ್ ಸ್ಟೋರ್, ಅಂದರೆ ಇಲ್ಲಿಯ ಕಿರಾಣಿ ಅಂಗಡಿ, ಇರುವ ಕಟ್ಟಡ. ಆಂಟಿ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದರು. ಮ್ಯಾಕ್ಸಿಮ್ ಅಂಕಲ್ ಸೋಫಾದಲ್ಲಿ ಕೂತು ಬಂಗುಡೆ ಸಾರಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ನಾನು ತಡವರಿಸುತ್ತ ಕೇಳಿದೆ. “ಆಂಟಿ, ನೀವು ಕೂಟದ ಅಧ್ಯಕ್ಷೆ ಆದರೆ?”

ಇಸ್ತ್ರಿಪೆಟ್ಟಿಗೆ ನಿಂತಿತು. “ಎಂತ? ಜ್ವರ ಉಂಟಾ ನಿಂಗೆ?”

“ಇಲ್ಲ ಆಂಟಿ.”

“ಅಧ್ಯಕ್ಷೆ ಅಂತೆ! ನಂಗೆ ಭಾಷಣ ಬರುದಿಲ್ಲ, ಕಾಂತಾನ ಹಾಗೆ ರೇಶ್ಮೆ ಸೀರೆ ಇಲ್ಲ. ವಾರದಲ್ಲಿ ಮೂರು ರಾತ್ರಿ ಡ್ಯೂಟಿ.” ಮತ್ತೆ ಇಸ್ತ್ರಿ ಓಡಿತು. ಒಂದು ತೋಳು ಮುಗಿಯಿತು. ಎರಡನೆಯದಕ್ಕೆ ಬರುವಾಗ ಧ್ವನಿ ಬದಲಾಗಿತ್ತು. “ಆಸೆ ಇಲ್ಲ ಅಂದ್ರೆ ಸುಳ್ಳಾಗ್ತದೆ. ಜಮೀಲಮ್ಮ ಒಬ್ಳಾ? ಮೀನಾ ಸಲ್ಮಾನ್ ಬಂದರಿನ ಲೇಬರ್ ಕ್ಯಾಂಪಲ್ಲಿ ಇರುವ ನಮ್ಮ ಹುಡುಗರು ಬಿದ್ದು ಕೈಕಾಲು ಮುರ್ಕೊಂಡು ಬರ್ತಾರೆ, ಮನೆಕೆಲಸದವರು ಬರ್ತಾರೆ. ಎಲ್ಲರಿಗೂ ಬೇಕಾದದ್ದು ಎಂತ? ಫೋನ್ ಮಾಡಿದ್ರೆ ಎತ್ತುವವರು, ಒಂದು ಸಹಿ ಹಾಕುವವರು. ಆ ಕುರ್ಚಿ ಅದಕ್ಕೇ ಅಲ್ವಾ ಇರುದು? ನಂಗೆ ಆ ಸಹಿ ಬೇಕಿತ್ತು, ಮಧು. ಶಾಲು ಬೇಡ.”

“ಮತ್ತೆ ಯಾಕೆ ನಿಲ್ಲಲಿಲ್ಲ?”

“ಹೆಸರು ಹೇಳುವವರು ಬೇಡ್ವಾ? ನಾನೇ ಹೋಗಿ ನನ್ನ ಹೆಸರು ಹೇಳಿ ಅಂತ ಕೇಳಿದ್ರೆ ಅದು ಭಿಕ್ಷೆ. ನಾನು ಕೇಳುದಿಲ್ಲ.”

ಮ್ಯಾಕ್ಸಿಮ್ ಅಂಕಲ್ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. “ನಾನು ಹೇಳುವ ಹಾಗಿಲ್ಲ. ಗಂಡ ಆದ್ದೇ ತಪ್ಪು.”

“ಅದು ಇವತ್ತು ಗೊತ್ತಾದ್ದಾ?” ಎಂದರು ಆಂಟಿ.

ನಾನು ಬಂಗುಡೆ ಸಾರಿನ ವಾಸನೆಯ ನಡುವೆ ಕುಳಿತು ಏನೂ ಮಾತು ಕೊಡಲಿಲ್ಲ. ಕೊಟ್ಟು ತಪ್ಪಿದರೆ ಏನು ಗತಿ ಎಂಬ ಹೆದರಿಕೆ. ಆಂಟಿಯೂ ಮತ್ತೆ ಆ ಮಾತೆತ್ತಲಿಲ್ಲ. ಹೊರಡುವಾಗ ಮಾತ್ರ ಬಾಗಿಲವರೆಗೆ ಬಂದರು. “ಲಕ್ಷ್ಮೀಪತಿಯವರ ಹೆಸರು ನೀನೇ ಹೇಳುದಂತೆ. ಕಾಂತಾ ಹೇಳಿದ್ಲು. ಚೆಂದ ಹೇಳು, ಆಯ್ತಾ? ನಂಗೆ ಬೇಜಾರಿಲ್ಲ.” ಬೇಜಾರಿಲ್ಲ ಎಂದವರ ಕಣ್ಣು ನನ್ನ ಚಪ್ಪಲಿಯ ಮೇಲಿತ್ತು.

ಆ ವಾರ ಡೈರಿ ಬರೆಯಲಿಲ್ಲ. ಬರೆಯುವುದು ನನಗೆ ಮಾತಾಡಿದಷ್ಟೇ ಸಮಾಧಾನ ಕೊಟ್ಟುಬಿಡುತ್ತದೆ. ಈ ಸಲ ಆ ಸಮಾಧಾನ ಬೇಡವೆನಿಸಿತು.

ಸಭೆಯ ದಿನ ಅಪ್ಪ ಕಾರು ನಡೆಸುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಅಮ್ಮ ಮತ್ತು ಅವಳ ಮಡಿಲಲ್ಲಿ ಮೈಸೂರು ಪಾಕಿನ ಡಬ್ಬಿ.

“ಒಂದೇ ವಾಕ್ಯ ಪುಟ್ಟಿ,” ಎಂದರು ಅಪ್ಪ. “ಗಾಬರಿ ಆದ್ರೆ ನನ್ನ ಮುಖ ನೋಡ್ಕೊಂಡು ಹೇಳ್ಬಿಡು.”

“ಅಪ್ಪ, ಸೂಚಿಸೋರು ಬೇರೆ ಹೆಸರು ಹೇಳಬಹುದಾ?”

ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಅಪ್ಪ ಸ್ಟೇರಿಂಗನ್ನು ಬೆರಳಿನಿಂದ ತಟ್ಟುತ್ತಿದ್ದವರು ನಿಲ್ಲಿಸಿದರು. ಅಧ್ಯಕ್ಷರು ಕೊಡಿಸಿದ ಕೆಲಸ, ಅಧ್ಯಕ್ಷರ ಜೊತೆಗಿನ ಹಬ್ಬಗಳು, ಎಲ್ಲ ಅವರ ಮುಖದ ಮೇಲೆ ಹಾದು ಹೋದಂತೆ ನನಗನ್ನಿಸಿತು.

“ನಿಯಮದಲ್ಲಿ ಬೇಡ ಅಂತ ಇಲ್ಲ,” ಎಂದರು. “ಇಲ್ಲೀತನಕ ಯಾರೂ ಹೇಳಿಲ್ಲ, ಅಷ್ಟೆ.”

ಹಿಂದಿನ ಸೀಟಿನಲ್ಲಿ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. “ರೀ, ಹಸಿರು ಬಂತು. ಹೊರಡಿ” ಎಂದಳು.

ಸಭಾಂಗಣದಲ್ಲಿ ಗಂಡಸರು ಸಾಲಾಗಿ ಕೂತಿದ್ದರು. ನಾನು ಒಂಟಿ ಸದಸ್ಯರ ಸಾಲಿನಲ್ಲಿ, ಹುಡುಗರ ಪಕ್ಕ. ಹಿಂದಿನ ಬಾಗಿಲಾಚೆ ಹೆಂಗಸರ ಮಾತು, ಪಾತ್ರೆಗಳ ಸದ್ದು, ಬಿಸಿಬೇಳೆ ಬಾತಿನ ಒಗ್ಗರಣೆ. ಸಭೆ ನಡೆಯುವಾಗ ಅಡುಗೆಯೂ ನಡೆಯಬೇಕು, ಮುಗಿದ ಕೂಡಲೇ ಬಡಿಸಬೇಕು. ಹಾಗಾಗಿ ಅವರು ಸಭೆಗೆ ಕೂರುವ ಪ್ರಶ್ನೆಯೇ ಬರುವುದಿಲ್ಲ.

ಅಪ್ಪ ವಾರ್ಷಿಕ ವರದಿ ಓದಲು ಎದ್ದರು. ವರದಿಯನ್ನು ಅವರ ಹೆಸರಿನಲ್ಲಿ ಲಕ್ಷ್ಮೀಪತಿ ಅಂಕಲರೇ ಬರೆಸಿರುತ್ತಾರೆಂದು ಎಲ್ಲರಿಗೂ ಗೊತ್ತು. ರಾಜ್ಯೋತ್ಸವ, ಕ್ರಿಕೆಟ್ ಪಂದ್ಯ, ಯುಗಾದಿ. ಮಹಿಳಾ ವಿಭಾಗದಿಂದ ರಂಗೋಲಿ ಸ್ಪರ್ಧೆ ಮತ್ತು ಅಡುಗೆ ಸ್ಪರ್ಧೆ. ಆಮೇಲೆ ಅಪ್ಪನ ಓದು ನಿಧಾನವಾಯಿತು.

“ಅಧ್ಯಕ್ಷರ ನೇತೃತ್ವದಲ್ಲಿ... ಅಸ್ವಸ್ಥರಾಗಿದ್ದ ಸಹೋದರಿಯೊಬ್ಬರನ್ನು... ತಾಯ್ನಾಡಿಗೆ ಕಳುಹಿಸಿಕೊಡಲಾಯಿತು.”

ಚಪ್ಪಾಳೆ ಜೋರಾಗಿ ಬಿತ್ತು. ಲಕ್ಷ್ಮೀಪತಿ ಅಂಕಲ್ ಎದೆಗೆ ಕೈಯಿಟ್ಟು ತಲೆಬಾಗಿದರು. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸಲಿಲ್ಲ. ಕೂಟದಲ್ಲಿ ನಡೆದದ್ದೆಲ್ಲ ತನ್ನಿಂದಲೇ ನಡೆಯಿತೆಂದು ಅವರು ನಿಜವಾಗಿ ನಂಬಿದ್ದರು. ಚಪ್ಪಾಳೆಯ ಸದ್ದಿಗೆ ಅಡುಗೆಮನೆಯ ಬಾಗಿಲಲ್ಲಿ ಇಬ್ಬರು ಮೂವರು ಇಣುಕಿದರು. ವಾಯೊಲೆಟ್ ಆಂಟಿ ಸೌಟು ಹಿಡಿದು ನಿಂತಿದ್ದರು. ಯಾಕೆ ಚಪ್ಪಾಳೆ ಎಂದು ಪಕ್ಕದವರನ್ನು ಕೇಳಿದರು. ಅವರು ಕಿವಿಯಲ್ಲಿ ಹೇಳಿದರು. ಆಂಟಿ “ಓ” ಎಂದಂತೆ ತುಟಿ ಮಾಡಿ ನಕ್ಕರು. ನಗು ಮುಗಿದ ಮೇಲೂ ಅಲ್ಲೇ ನಿಂತರು.

“ಈಗ ನೂತನ ಅಧ್ಯಕ್ಷರ ಆಯ್ಕೆ,” ಎಂದರು ಉಪಾಧ್ಯಕ್ಷರು. “ಸೂಚಕರು, ನಮ್ಮ ಯುವ ಸದಸ್ಯೆ ಕುಮಾರಿ ಮಧುಶ್ರೀ.”

ಫೋಟೋದವನು ಮುಂದೆ ಬಂದ. ನಾನು ಎದ್ದೆ. ದುಪಟ್ಟಾದ ಅಂಚು ಹಿಡಿದು, ಬಿಟ್ಟೆ. ಅಪ್ಪನ ಮುಖ ನೋಡಿದೆ. ಅವರು ವರದಿಯ ಹಾಳೆಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡುತ್ತಿದ್ದರು, ಆದರೆ ನನ್ನನ್ನೇ ನೋಡುತ್ತಿದ್ದರು.

“ಅಧ್ಯಕ್ಷ ಸ್ಥಾನಕ್ಕೆ...” ಎಂದೆ. ಮುಂದಕ್ಕೆ ಹೋಗಲಿಲ್ಲ.

“ಶ್ರೀ...” ಎಂದು ಲಕ್ಷ್ಮೀಪತಿ ಅಂಕಲ್ ಪ್ರೀತಿಯಿಂದ ಎತ್ತಿಕೊಟ್ಟರು, ಮಗುವಿಗೆ ಪದ್ಯ ಹೇಳಿಕೊಡುವ ಹಾಗೆ. ಸಭೆ ನಕ್ಕಿತು. ಪಕ್ಕದ ಹುಡುಗ “ಹೇಳ್ರೀ, ಹಸಿವಾಗ್ತಿದೆ” ಎಂದ.

ಅಡುಗೆಮನೆಯ ಬಾಗಿಲಲ್ಲಿ ಈಗ ಹೆಚ್ಚು ಜನರಿದ್ದರು. ಅಮ್ಮನೂ ಇದ್ದಳು. ಕಾಂತಾ ಆಂಟಿ ಕೈಯೊರೆಸಿಕೊಳ್ಳುತ್ತ ಮುಂದೆ ಬಂದಿದ್ದರು. ಅವರ ಪಕ್ಕದಲ್ಲಿ ವಾಯೊಲೆಟ್ ಆಂಟಿ ನೆಲ ನೋಡುತ್ತಿದ್ದರು, ನನಗೆ ತೊಂದರೆ ಆಗಬಾರದೆಂದು. ಆ ಬಾಗಿಲಲ್ಲ, ಈ ಸಭೆಯೇ ಅವರು ನಿಲ್ಲಬೇಕಾದ ಜಾಗ ಎಂಬುದು ಅಲ್ಲಿದ್ದ ಎಲ್ಲರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಲಕ್ಷ್ಮೀಪತಿ ಅಂಕಲರ ಹೆಸರು ಹೇಳುವುದು ಸಾಧ್ಯವೇ ಇಲ್ಲ ಎನ್ನಿಸಿದ ಕ್ಷಣದಲ್ಲಿ ಭಯ ಹೋಗಲಿಲ್ಲ. ಭಯ ಇರುವಂತೆಯೇ ಬಾಯಿ ತೆರೆಯಿತು.

“ಜಮೀಲಮ್ಮನ್ನ ಊರಿಗೆ ಕಳಿಸಿದ್ದು ವಾಯೊಲೆಟ್ ಲೋಬೊ, ಒಬ್ಬರೇ,” ಎಂದೆ. “ಅಧ್ಯಕ್ಷ ಸ್ಥಾನಕ್ಕೆ ನಾನು ಅವರ ಹೆಸರನ್ನ ಸೂಚಿಸ್ತೀನಿ.”